ಕೂಲಿ ವಕೀಲರು

ನಡೆಯುವಾಗ ಅವರ ದೇಹ ಸದಾ ಎಡಕ್ಕೆ ವಾಲಿರುತ್ತಿತ್ತು. ಕಂಕುಳಲ್ಲಿ ಕಡತವಿರಲಿ ಇಲ್ಲದಿರಲಿ, ನಲವತ್ತು ವರ್ಷ ಹೊತ್ತ ಕಾಗದದ ಭಾರ ಆ ಭುಜವನ್ನು ಶಾಶ್ವತವಾಗಿ ತಗ್ಗಿಸಿಬಿಟ್ಟಿತ್ತು. ಮೊಣಕೈ ಸವೆದು ಬೂದುಬಣ್ಣಕ್ಕೆ ತಿರುಗಿದ ಕರಿಕೋಟು, ಅದರಲ್ಲಿ ಉಳಿದವುಗಳೊಡನೆ ಹೊಂದದ ಒಂದು ಗುಂಡಿ, ಎದುರು ಪಕ್ಷದವರು ಏನೇ ಹೇಳಲಿ, ತಲೆ ಓರೆಮಾಡಿ ತಣ್ಣಗೆ ಕೇಳುವ ಒಂದೇ ಪ್ರಶ್ನೆ: "ಅಂದಮೇಲೆ?" ಆ ಒಂದು ಪದಕ್ಕೆ ಬೆವರಿದ ಮಾಲೀಕರು ಎಷ್ಟೋ ಮಂದಿ. ದುಡಿಸಿಕೊಂಡು ಸಂಬಳ ಕೊಡದವರ ವಿರುದ್ಧವೇ ಬದುಕಿಡೀ ವಾದಿಸಿದ ಅವರನ್ನು ನ್ಯಾಯಾಲಯದ ಪಡಸಾಲೆಯಲ್ಲಿ 'ಕೂಲಿ ವಕೀಲರು' ಎಂದು ಗೇಲಿ ಮಾಡುತ್ತಿದ್ದರು. ಅವರು ಅದನ್ನು ಬಿರುದಿನಂತೆ ಧರಿಸಿದ್ದರು.

ಕಾನೂನು ಓದುತ್ತಿದ್ದಾಗ ನಾನು ಅವರ ಕಚೇರಿಗೆ ಇಂಟರ್ನ್ ಆಗಿ ಸೇರಿದೆ. ಮುದ್ರಣಾಲಯವೊಂದರ ಮೇಲಿನ ಮಹಡಿ. ಕೆಳಗೆ ಯಂತ್ರ ಓಡಿದಾಗಲೆಲ್ಲ ನಮ್ಮ ಮೇಜಿನ ಮೇಲಿನ ಗುಂಡುಸೂಜಿಗಳು ನಡುಗುತ್ತಿದ್ದವು. ಇದ್ದೊಂದು ಕಿಟಕಿ ಪಕ್ಕದ ಗೋಡೆಯನ್ನೇ ದಿಟ್ಟಿಸುತ್ತಿತ್ತು. ವಿದ್ಯಾರ್ಥಿಗಳಿಗೆ ಅಲ್ಲಿ ಬಿಡಿಗಾಸೂ ಇರಲಿಲ್ಲ. ಬೇರೊಬ್ಬ ಅನುಕೂಲಸ್ಥ ವಕೀಲರ ಮಗನಾದ ನನಗೆ ಅದು ಬೇಕಾಗಿರಲಿಲ್ಲ. ಬೇಕಾಗಿರದ ಕಾರಣ ಕಣ್ಣಿಗೆ ಬಿದ್ದೂ ಇರಲಿಲ್ಲ. ನನ್ನ ಜೊತೆಗೇ ಸೇರಿದವಳು ಗಡಿಯಾರ ರಿಪೇರಿಯವರೊಬ್ಬರ ಮಗಳು. ಊರಿನ ಆ ತುದಿಯಿಂದ ನಡೆದೇ ಬರುತ್ತಿದ್ದಳು. ಬಂದವಳು ಬಾಗಿಲ ಹೊರಗೆ ಒಂದು ಗಳಿಗೆ ನಿಂತು, ಉಸಿರು ಸರಿಮಾಡಿಕೊಂಡೇ ಒಳಗೆ ಕಾಲಿಡುತ್ತಿದ್ದಳು.

ಆಗ ನಡೆಯುತ್ತಿದ್ದದ್ದು ಲಾಂಡ್ರಿಯೊಂದರ ಹೆಂಗಸರ ಪ್ರಕರಣ. ಎರಡು ವರ್ಷ ಸಂಬಳವಿಲ್ಲದೆ ದುಡಿಸಿಕೊಂಡ ಮಾಲೀಕ, "ನಾನು ತರಬೇತಿ ಕೊಡುತ್ತಿದ್ದೆ" ಎಂದು ವಾದಿಸಿದ್ದ. ಹಾಜರಿ ಪುಸ್ತಕಗಳ ರಾಶಿಯಲ್ಲಿ ಮೂರು ವಾರ ಮುಳುಗಿದ್ದ ಈ ಹುಡುಗಿ, ಆ ಹೆಂಗಸರು ಕೆಲಸಕ್ಕೆ ಸೇರಿದ ಎಂಟನೆಯ ದಿನದಿಂದಲೇ ಇಸ್ತ್ರಿಯಂತ್ರವನ್ನು ಕಲಿಸುವವರಿಲ್ಲದೆ ಒಬ್ಬೊಬ್ಬರೇ ನಡೆಸುತ್ತಿದ್ದುದನ್ನು ಪತ್ತೆಹಚ್ಚಿದಳು. ವಕೀಲರು ಹಿಗ್ಗಿಹೋದರು. "ಕಲಿಸುವ ನೆಪದಲ್ಲಿ ಮಾಡಿಸಿಕೊಂಡ ದುಡಿಮೆಯೂ ದುಡಿಮೆಯೇ" ಎಂದು ಅವರು ಎಡಭುಜ ಇಳಿಬಿಟ್ಟು ನುಡಿದಾಗ ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ್ದರು. ಗೆದ್ದೆವು.

ಅಂದು ಮಧ್ಯಾಹ್ನ ಕಚೇರಿಗೆ ಮರಳಿದ ಮೇಲೆ ಅವಳು ಕೇಳಿದಳು: "ಸರ್, ಆ ಮಾತು ನಮಗೂ ಅನ್ವಯಿಸುತ್ತಲ್ವಾ?"

ವಕೀಲರು ಮೊದಲು ನಕ್ಕರು. "ನಿನಗೆ ನಾನು ವಿದ್ಯೆ ಕೊಡ್ತಾ ಇದೀನಮ್ಮ. ನಮ್ಮ ಸೀನಿಯರ್ ಹತ್ರ ಮೂರು ವರ್ಷ ಬಿಟ್ಟಿ ದುಡಿದೆ. ನಾನೇನು ಹಾಳಾಗಿ ಹೋದ್ನಾ?"

"ಅಂದಮೇಲೆ?" ಎಂದಳು.

ಅಣಕವಲ್ಲ ಅದು, ಅವರಿಂದಲೇ ಕಲಿತ ಭಾಷೆಯಲ್ಲಿ ಅವಳು ಪ್ರಾಮಾಣಿಕವಾಗಿ ಕೇಳಿದ ಪ್ರಶ್ನೆ. ಅವರ ಮುಖ ಕಪ್ಪಿಟ್ಟಿತು. "ಇಷ್ಟ ಇಲ್ದಿದ್ರೆ ಬರಬೇಡ" ಎಂದರು. ನಾನು ಪುಸ್ತಕದಲ್ಲಿ ಯಾವುದೋ ಪುಟ ಹುಡುಕುವವನಂತೆ ನಟಿಸಿದೆ.

ಅವಳು ಮತ್ತೆ ಬರಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಸಂಜೆ ವಕೀಲರು, "ಆ ಹುಡುಗಿ ಎಲ್ಲಿದ್ದಾಳಂತಪ್ಪಾ?" ಎಂದು ಕೇಳಿ, ನನ್ನನ್ನೂ ಎಬ್ಬಿಸಿಕೊಂಡು ಹೊರಟರು. ಚಪ್ಪಲಿ ಅಂಗಡಿಯೊಂದರಲ್ಲಿ ಅವಳು ಮಂಡಿಯೂರಿ ಕುಳಿತು ಗಿರಾಕಿಯೊಬ್ಬಳ ಪಾದದ ಅಳತೆ ತೆಗೆಯುತ್ತಿದ್ದಳು.

"ಬಾಮ್ಮಾ ವಾಪಸ್ಸು. ತಿಂಗಳು ತಿಂಗಳು ಕೊಡ್ತೀನಿ."

ಅವಳು ಎದ್ದು ನಿಂತು ಕೈ ಒರೆಸಿಕೊಂಡಳು. "ಪರೀಕ್ಷೆಗೇ ಕಟ್ಟಲಿಲ್ಲ ಸರ್. ಅಪ್ಪಂಗೆ ಈಗ ಸಣ್ಣ ಸ್ಕ್ರೂ ಕಾಣಲ್ಲ, ಅಂಗಡಿ ಮುಚ್ಚಿಬಿಟ್ರು. ಮುಂದಿನ ವರ್ಷ ನೋಡೋಣ." ದನಿಯಲ್ಲಿ ಮುನಿಸಿರಲಿಲ್ಲ, ಇದ್ದಿದ್ದರೆ ವಕೀಲರಿಗೆ ಹಗುರವಾಗುತ್ತಿತ್ತೇನೋ. ಆ ಮುಂದಿನ ವರ್ಷ ಅವಳ ಪಾಲಿಗೆ ಬರಲೇ ಇಲ್ಲ.

ಮರಳುವಾಗ ಅವರು ಕಚೇರಿಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ: "ನಾನು ಆ ಮೂರು ವರ್ಷ ಕಲೀಲಿ ಅಂತ ಮನೇಲಿ ನಮ್ಮ ತಂಗೀನ ಸ್ಕೂಲು ಬಿಡಿಸಿದ್ರಪ್ಪಾ. ಇವತ್ತಿಗೂ ಬೇರೆಯವರ ಬಟ್ಟೆ ಹೊಲೀತಾಳೆ. ನಮ್ಮ ಸೀನಿಯರ್ ಮಾಡಿದ್ದು ಅನ್ಯಾಯ ಅಂತ ಒಪ್ಕೊಂಡ್ರೆ, ಅವಳಿಗೆ ನಾನೇನು ಹೇಳ್ಲಿ?"

ಮುಂದೆ ಬಂದ ವಿದ್ಯಾರ್ಥಿಗಳಿಗೆಲ್ಲ ಸಂಬಳ ಸಿಕ್ಕಿತು. ಗುಮಾಸ್ತರು ಅದನ್ನು ಹಂಚುವ ದಿನ ಮಾತ್ರ ವಕೀಲರು ಕಚೇರಿಗೆ ಕಾಲಿಡುತ್ತಿರಲಿಲ್ಲ. ಸಾಯುವವರೆಗೂ ಆ ನೇಮ ತಪ್ಪಲಿಲ್ಲ.

ತಾವು ಪಟ್ಟ ಪಾಡನ್ನೇ ಪುಣ್ಯವೆಂದು ನಂಬಿ ಬದುಕಿದವರನ್ನು ಕ್ರೂರಿಗಳೆನ್ನಲು ನನಗೆ ಮನಸ್ಸು ಬಾರದು. ಆ ಪಾಡಿಗೆ ಅನ್ಯಾಯವೆಂಬ ಅದರ ನಿಜನಾಮವನ್ನಿಟ್ಟರೆ, ತಮಗಾಗಿ ಸದ್ದಿಲ್ಲದೆ ಸೋತವರ ಮುಖ ನೋಡುವುದು ಹೇಗೆಂಬ ಭಯ ಅವರನ್ನು ಕಾಡುತ್ತದೆ. ಆ ಭಯವನ್ನೇ ಪರಂಪರೆಯೆಂದು ಕರೆದು ಮುಂದಿನವರಿಗೆ ದಾಟಿಸುತ್ತಾರೆ. ಹೊಟ್ಟೆ ತುಂಬಿದ ನನ್ನಂಥವರು ಪಕ್ಕದಲ್ಲೇ ಕುಳಿತು, ಪುಟ ತಿರುವುತ್ತಾ, ಅದನ್ನು ಶಿಸ್ತು ಎನ್ನುತ್ತೇವೆ.