ಬ ಖರಾಬು

ನನ್ನ ಬಗ್ಗೆ ಒಂದು ಪುಟ ಬೇಕಂತೆ. ಕಗ್ಗದಾಸಪುರದ ರಾಮಲಕ್ಷ್ಮಮ್ಮ ಮತ್ತು ಅವರ ಮಗ ಮುನಿರಾಜ್ ಹಲಸೂರಿನ ನನ್ನ ಆಫೀಸಿಗೆ ಬಂದು ಕೂತಿದ್ದರು. ಅವರ ಬೀದಿಯ ಹಿಂದಿನ ಕಾಲುವೆ ಮುಚ್ಚಿ ಒಬ್ಬ ಬಿಲ್ಡರ್ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದಾನೆ. ಕೇಸು ಹಾಕಬೇಕು. ಬೀದಿಯ ಸಂಘದವರು ವಕೀಲರ ಹಿನ್ನೆಲೆ ನೋಡಿಯೇ ಒಪ್ಪುವುದಂತೆ.

"ಏನ್ ಓದಿದೀರ, ಎಷ್ಟು ವರ್ಷ ಸರ್ವೀಸು, ಯಾವ್ಯಾವ ಕೆರೆ ಕೇಸು ಗೆದ್ರಿ, ಅಷ್ಟೇ ಮೇಡಂ," ಎಂದ ಮುನಿರಾಜ್. "ವಾಟ್ಸಾಪ್ ಗ್ರೂಪಲ್ಲಿ ಹಾಕ್ಬೇಕು."

"ಹೆಣ್ಣು ನೋಡಕ್ ಬಂದಂಗೆ ಆಡ್ತಾನೆ," ಎಂದರು ರಾಮಲಕ್ಷ್ಮಮ್ಮ. "ಬರ್ಕೊಡಮ್ಮ, ಕಾಯ್ತೀವಿ."

ಬರೆಯತೊಡಗಿದೆ. ಎಲ್‌ಎಲ್‌ಎಂ, ಪರಿಸರ ಕಾನೂನು. ಹನ್ನೊಂದು ವರ್ಷದ ವಕೀಲಿಕೆ. ಎದ್ದು ಫ್ಯಾನ್ ಹಾಕಿದೆ. ಚಳಿಯೆನಿಸಿ ಆರಿಸಿದೆ. ಮೊದಲ ನಾಲ್ಕು ವರ್ಷ ಶಿವಪುತ್ರ ಅವರ ಬಳಿ ಜೂನಿಯರ್. ಆಮೇಲೆ ಅವರ ಹೆಂಡತಿ. ಅದು ಪುಟಕ್ಕೆ ಬೇಡ. ಅವರು ಹೋಗಿ ಹತ್ತು ತಿಂಗಳು. ಬಾಗಿಲ ಮೇಲೆ ಹೆಸರು ಇನ್ನೂ ಇದೆ.

ಮುನಿರಾಜ್ ತಂದ ಕಾಗದಗಳಲ್ಲಿ ಬಿಲ್ಡರ್ ತೋರಿಸಿದ್ದ ಲೀಗಲ್ ಒಪೀನಿಯನ್ನೂ ಇತ್ತು. ಆ ಸರ್ವೆ ನಂಬರಿನ ಆರು ಗುಂಟೆ 'ಅ ಖರಾಬು' ಎಂದಿತ್ತು. ಎಂದರೆ ಉಳಲಾಗದ, ಆದರೂ ಮಾಲೀಕನದೇ ಆದ ನೆಲ. 'ಬ ಖರಾಬು' ಎಂದಿದ್ದರೆ ಅದು ಕಾಲುವೆ, ದಾರಿ, ಸರ್ಕಾರದ್ದು, ಮಾರುವಂತಿಲ್ಲ. ಕಟ್ಟಿನಲ್ಲಿದ್ದ ಮೂಲ ಪಹಣಿಯ ಪ್ರತಿಯಲ್ಲಿ 'ಬ' ಎಂದೇ ಇತ್ತು. ಒಪೀನಿಯನ್ನಿನ ಕೆಳಗೆ ಶಿವಪುತ್ರ ಅವರ ಸಹಿ.

ಬರೆದವಳು ನಾನು. ಪಹಣಿಯ ಮಸುಕು ಜೆರಾಕ್ಸ್‌ನಲ್ಲಿ 'ಬ' ನನಗೆ 'ಅ' ಆಗಿ ಕಂಡಿತ್ತು. ಮೂಲ ನೋಡಲು ತಾಲ್ಲೂಕು ಕಚೇರಿಗೆ ಹೋಗಲಿಲ್ಲ. ಅವರು ನನ್ನನ್ನು ನಂಬಿ ಸಹಿ ಹಾಕಿದರು.

"ಅದು ನಿಮ್ ಯಜಮಾನ್ರ ಸೈನು, ಗೊತ್ತು ಮೇಡಂ," ಮುನಿರಾಜ್ ದನಿ ತಗ್ಗಿಸಿದ. "ಅವರ ತಪ್ಪಿಗೆ ನೀವೇನ್ ಮಾಡ್ತೀರ? ಹೋದೋರ್ ತಪ್ಪನ್ನ ಮೇಡಮ್ಮೇ ಸರಿ ಮಾಡ್ತಾರೆ ಅಂತ ಗ್ರೂಪಲ್ಲಿ ಹೇಳ್ತೀನಿ ಬಿಡಿ."

ಅಷ್ಟಾದರೆ ಕೇಸು ನನ್ನದು. ಶಿವಪುತ್ರ ಎದ್ದು ಬಂದು ಇಲ್ಲ ಎನ್ನುವುದಿಲ್ಲ. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಕಿಟಕಿಗೆ ಹೋದೆ. ಕೆಳಗೆ ಬಸ್ಸೊಂದು ಹಾರ್ನ್ ಒತ್ತಿಕೊಂಡೇ ನಿಂತಿತ್ತು. ಮತ್ತೆ ಕೂತು, ಜೂನಿಯರ್ ಎಂಬ ಸಾಲಿನ ಕೆಳಗೆ ಇನ್ನೊಂದು ಬರೆದು ಪುಟ ಕೊಟ್ಟೆ.

ಮುನಿರಾಜ್ ಗಟ್ಟಿಯಾಗಿ ಓದಿದ: "ಬಿಲ್ಡರ್ ತೋರಿಸಿರುವ ಒಪೀನಿಯನ್ ಬರೆದದ್ದು ನಾನು. 'ಬ'ವನ್ನು 'ಅ' ಎಂದು ಓದಿದ್ದೂ ನಾನು." ತಾಯಿಯ ಮುಖ ನೋಡಿದ. "ಇದ್ನ ಹಾಕಿದ್ರೆ ಮುಗೀತು ಮೇಡಂ. ಕೇಸು ನಿಮಗ್ ಕೊಡಲ್ಲ."

"ಕೊಡಬಾರದು."

ರಾಮಲಕ್ಷ್ಮಮ್ಮ ಮಗನ ಕೈಯಿಂದ ಪುಟ ತೆಗೆದುಕೊಂಡರು. "ಒಂದಕ್ಷರಕ್ಕೆ ಕಾಲುವೆನೇ ನುಂಗಿಸ್ಬಿಟ್ಯಲ್ಲಮ್ಮ. ನಂಗೆ ಓದಕ್ ಬರಲ್ಲ. ಬಂದು ಕೇಳಿದ್ರೆ ಅಲ್ಲಿ ನೀರು ಹರೀತಿತ್ತು ಅಂತ ಹೇಳ್ತಿದ್ದೆ."

"ಹೌದಮ್ಮ."

"ಹೋಗ್ಲಿ. ಬೇರೆ ವಕೀಲ್ರನ್ನ ನೋಡ್ಕೊತೀವಿ. ನೀನು ಜಡ್ಜ್ ಮುಂದೆ ನಿಂತು ಇದನ್ನೇ ಹೇಳ್ತೀಯಾ?"

"ಸಾಕ್ಷಿಯಾಗಿ?"

"ಏನೋ ಒಂದು."

ಹೇಳುತ್ತೇನೆ ಎಂದೆ. ಪುಟವನ್ನು ವಾಪಸು ತೆಗೆದುಕೊಂಡು ಗೆದ್ದ ಕೆರೆಗಳ ಸಾಲನ್ನು ಹೊಡೆದುಹಾಕಿದೆ. ಸಾಕ್ಷಿಗೆ ಅದು ಬೇಡ.