ಬಿಳಿ ಅಂಗಿ ಬೇಕಾಗಿತ್ತು

ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಮದುವೆ ಹಾಲ್‌ನ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದು, ಮೇಜಿಗೊಂದು ಹೆಬ್ಬೆರಳುದ್ದದ ದೀಪ ಇಟ್ಟು, ಮದುವೆಯವರು ಇದೇ ಈಗಿನ ಫ್ಯಾಶನ್ ಅಂದರು. ಫ್ಯಾಶನ್ ಅವರದು, ಪಡಿಪಾಟಲು ನನ್ನದು. ಮೂವತ್ತು ವರ್ಷದಿಂದ ಮದುವೆ ವಿಡಿಯೊ ತೆಗೆಯುತ್ತಿದ್ದೇನೆ. ಎಲ್ಲದಕ್ಕೂ ಕೈಬಿಚ್ಚುವ ಜನ ಬೆಳಕಿಗೆ ಮಾತ್ರ ಯಾಕೆ ಜಿಪುಣರಾಗುತ್ತಾರೋ ದೇವರೇ ಬಲ್ಲ. ಹೋದ ಸಲ ಇಂಥದೇ ಒಂದು ಪಾರ್ಟಿಯಲ್ಲಿ ಮದುಮಗ ಯಾರು, ಕಂಬ ಯಾವುದು ಅಂತ ಗೊತ್ತಾಗದ ಹಾಗೆ ವಿಡಿಯೊ ಬಂದು, ನಮ್ಮ ಬೀದಿಯಲ್ಲಿ ನನಗೆ ‘ಕಗ್ಗತ್ತಲೆ’ ಅಂತ ಹೆಸರು ಬಿತ್ತು. ಎದುರಿಗೆ ಯಾರೂ ಕರೆಯುವುದಿಲ್ಲ. ಆದರೆ ನನ್ನ ಕಿವಿ ಚೆನ್ನಾಗಿದೆ.

ಕೈಕೊಟ್ಟಿರುವುದು ಕಣ್ಣು. ಕ್ಯಾಮೆರಾದ ಕಿಂಡಿಗೆ ಕಣ್ಣಿಡಬೇಕಾದರೆ ಕನ್ನಡಕ ಹಣೆಗೇರಿಸಬೇಕು. ಏರಿಸಿದರೆ ರೆಕಾರ್ಡ್ ಆಗುತ್ತಿದೆ ಎಂದು ತೋರಿಸುವ ಕೆಂಪು ಚುಕ್ಕೆ ಕಾಣದು. ಗುಂಡಿ ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಇದರಲ್ಲಿ ತಪ್ಪುವಂಥದ್ದೇನಿದೆ? ಕೆಂಪು ಚುಕ್ಕೆ ನೋಡಿಕೊಳ್ಳಿ ಅಂತ ಹೆಂಡತಿ ಪ್ರತಿಸಲ ಹೊರಡುವಾಗ ಹೇಳುತ್ತಾಳೆ. ನನಗೇ ಕೆಲಸ ಕಲಿಸಬೇಡ ಅಂತ ನಾನೂ ಪ್ರತಿಸಲ ಹೇಳುತ್ತೇನೆ.

ಊಟಕ್ಕೆ ಮುಂಚೆ ಮದುಮಗಳು ನನ್ನನ್ನು ಪರದೆಯ ಮರೆಗೆ ಕರೆದಳು. ಪಕ್ಕದ ಬೀದಿಯ ಹುಡುಗಿ, ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ.

“ಮಾಮಾ, ನನಗೆ ಬೇರೇನೂ ಬೇಡ. ಅಪ್ಪ, ಚಿಕ್ಕಪ್ಪ ಒಟ್ಟಿಗೆ ನಿಂತಿರೋದು ಒಂದೇ ಒಂದು ತೆಗೆದುಕೊಡಿ.”

ನನ್ನ ಜೀವ ಬಾಯಿಗೆ ಬಂತು. ಅಣ್ಣತಮ್ಮಂದಿರ ಮನೆಗಳ ನಡುವೆ ಒಂದೇ ಗೋಡೆ. ಒಂಬತ್ತು ವರ್ಷದ ಹಿಂದೆ ಅಣ್ಣ ಒಂದು ಮಾತೂ ಕೇಳದೆ ಆ ಗೋಡೆಗೆ ಹಸಿರು ಬಣ್ಣ ಬಳಿಸಿದ. ಅವತ್ತಿಂದ ಮಾತಿಲ್ಲ, ಕತೆಯಿಲ್ಲ. ತಮ್ಮನ ಬಾಗಿಲು ಕಿರ್ ಅಂದರೆ ಸಾಕು, ಅಣ್ಣ ಮೆಟ್ಟಿಲಿಂದ ವಾಪಸ್ಸು. ಒಟ್ಟಿಗೆ ನಿಲ್ಲಿ ಅಂದರೆ ಅಪ್ಪ ಎದ್ದೇ ಹೋಗುತ್ತಾನೆ, ಅದಕ್ಕೇ ನೇರವಾಗಿ ಕೇಳಬೇಡಿ ಅಂದಳು. ಸಂಜೆ ಗಂಡನ ಊರಿಗೆ ಹೊರಡುವವಳು. ಕಣ್ಣಲ್ಲಿ ನೀರು ತುಂಬಿತ್ತು. ಆಗಲ್ಲ ಅನ್ನಲು ನನ್ನಿಂದಾಗಲಿಲ್ಲ.

ಅಣ್ಣ ವೇದಿಕೆಯ ಹತ್ತಿರ, ಕರೀ ಕೋಟಿನಲ್ಲಿ. ತಮ್ಮ ಮೂಲೆಯ ಕುರ್ಚಿಯಲ್ಲಿ ಒಬ್ಬನೇ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ನೋಡುತ್ತಿದ್ದಂತೆ ಉಪಾಯ ಹೊಳೆಯಿತು.

ಅಣ್ಣನ ಹತ್ತಿರ ಹೋಗಿ, ನಿಮ್ಮ ಕೋಟು ಬೆಳಕನ್ನೆಲ್ಲ ನುಂಗುತ್ತಿದೆ ಯಜಮಾನರೇ, ಪಕ್ಕದಲ್ಲಿ ಬಿಳಿ ಬಟ್ಟೆಯವರು ಯಾರಾದರೂ ನಿಂತರೆ ಮುಖಕ್ಕೆ ಬೆಳಕು ಹೊಡೆಯುತ್ತದೆ ಅಂದೆ. ಅರ್ಧ ನಿಜ, ಅರ್ಧ ಬುರುಡೆ. ಹೇಳಿ ಮುಗಿಸಿಲ್ಲ, ಅಡುಗೆಯವನು ಬಿಳೀ ಏಪ್ರನ್ನಿನಲ್ಲಿ ಹಲ್ಲು ಕಿರಿಯುತ್ತ ಬಂದು ನಿಂತ. ಎಣ್ಣೆ ಕಲೆಯಿದೆ, ಬೆಳಕು ಜಾರುತ್ತದೆ ಅಂತ ಕೈ ಬೀಸಿ ಓಡಿಸಿದೆ. ಬೀಗರ ಕಡೆಯ ಹಿರಿಯರೊಬ್ಬರು ಎದ್ದರು. ನಿಮ್ಮದು ಬಿಳಿಯಲ್ಲ, ಕೆನೆ ಬಣ್ಣ ಅಂದೆ. ಅವರು ಮುಖ ಊದಿಸಿಕೊಂಡು ಕೂತರು. ಆಮೇಲೆ ತಮ್ಮನ ಹತ್ತಿರ ಹೋದೆ.

“ಸ್ವಾಮಿ, ನಾನು ನಿಮ್ಮನ್ನ ಕರೀತಿಲ್ಲ. ನಿಮ್ಮ ಅಂಗಿನ ಕರೀತಿದ್ದೀನಿ.”

ಆತ ನನ್ನನ್ನು ನೋಡಿದ, ಅಂಗಿಯನ್ನು ನೋಡಿಕೊಂಡ, ಎದ್ದು ಬಂದ. ಇಬ್ಬರ ನಡುವೆ ಒಂದು ಬೀರು ಇಡುವಷ್ಟು ಜಾಗ. ಬೆಳಕು ಸಾಲದು, ಇನ್ನೂ ಹತ್ತಿರ, ಇನ್ನೂ ಹತ್ತಿರ ಅಂತ ಗೋಗರೆದು ಭುಜಕ್ಕೆ ಭುಜ ತಾಗಿಸಿದೆ. ಇಬ್ಬರಿಗೂ ಹಲ್ಲುನೋವು ಬಂದಂತಿತ್ತು. ಗುಂಡಿ ಒತ್ತಿ ಒಂದು ನಿಮಿಷ ಪೂರ್ತಿ ತೆಗೆದೆ. ಮತ್ತೆ ಒತ್ತಿ ಆಯಿತೆಂದೆ. ಕ್ಯಾಮೆರಾ ಸೊಂಟದ ಹತ್ತಿರ ಇಳಿಬಿಟ್ಟು, ಪಕ್ಕದ ಮೇಜಿನ ನೀರು ಗಟಗಟ ಕುಡಿದು, ಗೆದ್ದೆ ಎಂದು ದೂರದಿಂದಲೇ ಹುಡುಗಿಗೆ ಹೆಬ್ಬೆರಳು ತೋರಿಸಿದೆ.

ಮುಂದಿನ ವಾರ ತವರಿಗೆ ಬಂದವಳು ವಿಡಿಯೊ ನೋಡಲು ನಮ್ಮ ಮನೆಗೆ ಬಂದಳು. ಹೆಂಡತಿಯೂ ಬಂದು ಕೂತಳು. ಆ ಜಾಗ ಬಂತು. ಅಡುಗೆಯವನ ಏಪ್ರನ್ನು, ಆಮೇಲೆ ನೆಲ. ಅಂಗಿನ ಕರೀತಿದ್ದೀನಿ ಅನ್ನುವ ನನ್ನ ದನಿ, ಮತ್ತೆ ನೆಲ. ಅಷ್ಟೇ, ಮುಖಗಳೇ ಇಲ್ಲ. ಅಡುಗೆಯವನನ್ನು ಓಡಿಸುವ ಭರದಲ್ಲಿ ಗುಂಡಿಗೆ ಬೆರಳು ತಗುಲಿ ರೆಕಾರ್ಡಿಂಗ್ ಆಗಲೇ ಶುರುವಾಗಿತ್ತು. ಶುರು ಅಂತ ನಾನು ಒತ್ತಿದಾಗ ನಿಂತಿತ್ತು, ನಿಲ್ಲಿಸಿದೆ ಅಂದುಕೊಂಡಾಗ ಮತ್ತೆ ಶುರುವಾಗಿತ್ತು. ಹೆಂಡತಿ ನನ್ನ ಕನ್ನಡಕವನ್ನೇ ದಿಟ್ಟಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹುಡುಗಿಯ ಮುಖ ಸಪ್ಪಗಾಯಿತು, ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಟೀವಿ ಪರದೆಯ ಮೇಲೆ ಈಗ ನಾಲ್ಕು ಕಾಲು. ಪಾಲಿಶ್ ಮಾಡಿದ ಕರೀ ಬೂಟು, ಪಕ್ಕಕ್ಕೇ ಒತ್ತಿಕೊಂಡು ಹೊಲಿಗೆ ಹಾಕಿಸಿದ ಹಳೇ ಚಪ್ಪಲಿ. ಕ್ಯಾಮೆರಾದ ತಲೆಯ ಪುಟ್ಟ ಲೈಟು ಹತ್ತಿರದಿಂದ ನೇರ ಅವುಗಳ ಮೇಲೆ ಬಿದ್ದು ಒಂದೊಂದು ಹೊಲಿಗೆಯೂ ಕಾಣುತ್ತಿತ್ತು. ಆಯಿತು, ಇನ್ನು ಹೋಗಬಹುದು ಅನ್ನುವ ನನ್ನ ದನಿ. ಕಾಲುಗಳು ಅಲ್ಲಾಡಲಿಲ್ಲ. ನಾನು ನೀರು ಕುಡಿಯುವ ಸದ್ದು. ಆಗಲೂ ಅಲ್ಲಾಡಲಿಲ್ಲ. ಆಮೇಲೆ ಅಣ್ಣನ ದನಿ, ಬಲು ಮೆಲ್ಲಗೆ, ಗೆದ್ದ ಗುಂಗಿನಲ್ಲಿ ಅವತ್ತು ನನ್ನ ಕಿವಿಗೆ ಬೀಳದ್ದು:

“ಯಾವ ಬಣ್ಣ ಬೇಕಿತ್ತೋ ನಿನಗೆ?”

“ಯಾವುದಾದರೂ ಆಗಿತ್ತಣ್ಣ. ನೀನು ಒಂದು ಮಾತು ಕೇಳಬೇಕಿತ್ತು.”

ಬೂಟು ಒಮ್ಮೆ ನೆಲಕ್ಕೆ ಉಜ್ಜಿತು.

“ಈಗ ಕೇಳ್ತಿದ್ದೀನಲ್ಲ.”

ಹುಡುಗಿ ಮತ್ತೊಮ್ಮೆ ಹಾಕಿಸಿದಳು. ಇನ್ನೊಮ್ಮೆ ಹಾಕಿಸಿದಳು. ಮೂರನೇ ಸಲಕ್ಕೆ ನನ್ನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಏನಾದರೂ ಮಾತಾಡಬೇಕಲ್ಲ ಎಂದು, ಬೆಳಕು ಹೇಗಿದೆ ಎಂದು ಕೇಳಿದೆ.

“ತುಂಬಾ ಚೆನ್ನಾಗಿ ಬಂದಿದೆ ಮಾಮಾ” ಅಂದಳು.

ಮೂವತ್ತು ವರ್ಷದಲ್ಲಿ ಈ ಮಾತು ನನಗೆ ಯಾರೂ ಹೇಳಿರಲಿಲ್ಲ.