ಮೂಗರ್ಜಿ

"ಅವ್ವಾ, ಶೀಲಾನ್ ಹೋದಳಂತ," ಎಂದಳು ಪ್ರತಿಭಾ, ಅಡಿಗೆಮನೆಯ ಬಾಗಿಲಲ್ಲಿ ನಿಂತು.

ಅನ್ನಪೂರ್ಣವ್ವ ರೊಟ್ಟಿ ತಟ್ಟುತ್ತಿದ್ದರು. ತಲೆ ಎತ್ತಲಿಲ್ಲ. "ಎಲ್ಲಿಗೆ? ಜರ್ಮನಿಗೇನು, ಅವರ ಚಿಕ್ಕಪ್ಪನ ಹತ್ರ? ವೀಸಾ ಬಂತಂತೇನು?"

ಮಗಳು ಅಲ್ಲವೆಂದು ತಲೆಯಾಡಿಸಿದಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಹೊರಕೋಣೆಯವರೆಗೂ ಹೋಯಿತು. ಪೇಪರು ಓದುತ್ತಿದ್ದ ಚಂದ್ರಶೇಖರಪ್ಪ ಎದ್ದು ಬಂದರು. ಹೆಂಡತಿಯ ಕೈ ಹಿಟ್ಟಿನಲ್ಲೇ ನಿಂತಿತ್ತು. ಪ್ರತಿಭಾ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು.

"ಗುಂಡು ಹೊಡದ್ರಂತಪ್ಪಾ. ಮೆರವಣಿಗ್ಯಾಗ ಬಿದ್ದವ್ರನ್ನ ಎತ್ತಾಕ ಹೋಗಿದ್ಲಂತ. ಹೋದ ಮಂಗಳವಾರನ. ಚಿಕ್ಕಪ್ಪ ಈಗ ಬರದಾರ."

ಚಂದ್ರಶೇಖರಪ್ಪ ಬಗ್ಗಿ ಒಲೆ ಆರಿಸಿದರು. ಆ ಹೊತ್ತಿಗೆ ಅವರಿಗೆ ತೋಚಿದ ಕೆಲಸ ಅದೊಂದೇ.

ಶೀಲಾನ್ ಇರಾನ್ ದೇಶದವಳು, ಕುರ್ದರ ಹುಡುಗಿ. ಮೈಸೂರಿನಲ್ಲಿ ಪ್ರತಿಭಾಳ ಜೊತೆ ಫಿಸಿಯೋಥೆರಪಿ ಓದುತ್ತಿದ್ದಳು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಲಾಕ್‌ಡೌನಿನಲ್ಲಿ ಹಾಸ್ಟೆಲು ಮುಚ್ಚಿದಾಗ ಅವಳಿಗೆ ವಿಮಾನವೂ ಇಲ್ಲ, ಇರಲು ಜಾಗವೂ ಇಲ್ಲ. ಪ್ರತಿಭಾ ಅವಳನ್ನು ಸಿದ್ದಾಪುರಕ್ಕೆ ಕರೆದುಕೊಂಡು ಬಂದಳು. ಹದಿನೈದು ದಿನಕ್ಕೆಂದು ಬಂದವಳು ಐದು ತಿಂಗಳಿದ್ದಳು. ಮೊದಲ ದಿನವೇ ಅನ್ನಪೂರ್ಣವ್ವನ ಪಕ್ಕ ಕೂತು, ಕಲಿಸದೆಯೇ ರೊಟ್ಟಿಯನ್ನು ಕಾಗದದಷ್ಟು ತೆಳ್ಳಗೆ ಮಾಡಿದಳು. ತಮ್ಮ ಕಡೆಯ ರೊಟ್ಟಿಯೂ ಹೀಗೆಯೇ ಎಂದಳು. ಓಣಿಯವರ ಬಾಯಲ್ಲಿ ಶೀಲಾ ಆದಳು, ಅನ್ನಪೂರ್ಣವ್ವನ ಬಾಯಲ್ಲಿ ಶೀಲವ್ವ. ಕೋಲಸಿರ್ಸಿಯಿಂದ ಹಾಲು ತರುತ್ತಿದ್ದ ಬೀರನ ಬಲಗೈ ವರ್ಷದಿಂದ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ದಿನವೂ ಅವನನ್ನು ಗೋಡೆಯೆದುರು ನಿಲ್ಲಿಸಿ, ಬೆರಳುಗಳನ್ನು ಹಲ್ಲಿಯ ಹಾಗೆ ಮೇಲಕ್ಕೆ ನಡೆಸು ಎಂದು ತನ್ನ ಹರಕು ಕನ್ನಡದಲ್ಲಿ ಗದರುತ್ತಿದ್ದಳು. ಎರಡು ತಿಂಗಳಿಗೆ ಬೀರ ತಲೆಗೆ ತಾನೇ ಮುಂಡಾಸು ಸುತ್ತಿಕೊಂಡ.

ಓದು ಮುಗಿಸಿ ಅವಳು ತನ್ನ ಊರಿಗೆ ಮರಳಿದ್ದಳು. ಈ ವರ್ಷ ಅವಳ ದೇಶದಲ್ಲಿ ಪೊಲೀಸರ ವಶದಲ್ಲಿ ಒಬ್ಬ ಹುಡುಗಿ ಸತ್ತಳೆಂದು ಜನ ಬೀದಿಗೆ ಇಳಿದಿದ್ದರು. ಕುರ್ದರ ಊರುಗಳಲ್ಲಿ ಗುಂಡು ಹಾರುತ್ತಿತ್ತು. ಪ್ರತಿಭಾ ದಿನವೂ ಫೋನಿನಲ್ಲಿ ನೋಡುತ್ತಿದ್ದಳು. ಅವಳ ಪಟ್ಟಣದ ಹೆಸರು ಕಣ್ಣಿಗೆ ಬಿದ್ದಾಗಲೆಲ್ಲ ಶೀಲಾನಳಿಗೆ ಸಂದೇಶ ಹಾಕುತ್ತಿದ್ದಳು. ಕೊನೆಯ ನಾಲ್ಕು ಸಂದೇಶಗಳನ್ನು ಯಾರೂ ತೆರೆದಿರಲಿಲ್ಲ.

ಮೂರನೆಯ ದಿನ ಚಂದ್ರಶೇಖರಪ್ಪ ಅಟ್ಟದಿಂದ ತಾವು ಅರ್ಜಿ ಬರೆಯುತ್ತಿದ್ದ ಇಳಿಮೇಜನ್ನು ಇಳಿಸಿ ಒರೆಸಿದರು. ಬನವಾಸಿ ಕಡೆಯಿಂದ ಬಂದು, ಸಿದ್ದಾಪುರದ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಮೂವತ್ತೆಂಟು ವರ್ಷ ಅರ್ಜಿ ಬರೆದವರು ಅವರು. ಬಗರಹುಕುಂ ಜಮೀನು, ವಿಧವಾ ವೇತನ, ಆನೆ ತುಳಿದ ಗದ್ದೆ, ಯಾವುದೇ ಇರಲಿ, ಅರ್ಜಿದಾರನ ಹೆಸರು, ಊರು, ಸಂಗತಿ, ಬೇಡಿಕೆ ಕ್ರಮವಾಗಿ ಬರುತ್ತಿತ್ತು. ಮೂಗರ್ಜಿಯನ್ನು ಮಾತ್ರ ಅವರು ಬರೆದವರಲ್ಲ. ಹೆಸರು ಹಾಕದೆ ಒಂದು ಗೀಚಿಕೊಡಿ ಎಂದು ಬಂದವರನ್ನು "ಸೈ ಹಾಕೋ ಧೈರ್ಯ ಬಂದಾಗ ಬರ್ರಿ" ಎಂದು ಎಬ್ಬಿಸಿ ಕಳಿಸುತ್ತಿದ್ದರು. ಇನ್ನೊಂದು ನಿಯಮವಿತ್ತು. ಸಹಿಯ ಪ್ರತಿ ಹಾಳೆಯ ತಲೆಯಲ್ಲೂ ವಿಷಯ ಮತ್ತು ಯಾರ ಸಲುವಾಗಿಯೋ ಅವರ ಹೆಸರು ಬರೆಯಲೇಬೇಕು. ಬಾವಿಗಾಗಿ ಜನ ಹಾಕಿದ ಸಹಿಗಳನ್ನು ಯಾರೋ ಗೋಮಾಳ ಬಿಟ್ಟುಕೊಡುವ ಕಾಗದಕ್ಕೆ ಹೊಲಿದದ್ದನ್ನು ಅವರು ಚಿಕ್ಕ ವಯಸ್ಸಿನಲ್ಲೇ ಕಂಡಿದ್ದರು.

"ಯಾರಿಗೆ ಬರೀತೀರಿ?" ಅನ್ನಪೂರ್ಣವ್ವ ಕೇಳಿದರು.

"ವಿಶ್ವಸಂಸ್ಥೆಗೆ. ಜಿನೀವಾದಾಗ ಮಾನವ ಹಕ್ಕಿನ ಕಚೇರಿ ಐತಂತ. ಕನ್ನಡದಾಗ ನಾನು ಬರೀತೀನಿ, ಇಂಗ್ಲಿಷಿಗೆ ಪ್ರತಿಭಾ ಮಾಡ್ಲಿ. ಸೈ ಹಾಕೋರಿಗೆ ಏನಕ್ಕ ಹಾಕ್ತೀವಿ ಅಂತ ಗೊತ್ತಾಗಬೇಕು."

ಅರ್ಜಿ ಎರಡು ಪುಟವಾಯಿತು. ನಿರಾಯುಧರಾದ ಜನರ ಮೇಲೆ ಗುಂಡು ಹಾರಿಸುವುದನ್ನು ನಿಲ್ಲಿಸುವಂತೆಯೂ, ಹಿಡಿದೊಯ್ದವರನ್ನು ಬಿಡುವಂತೆಯೂ, ಶವಗಳನ್ನು ಷರತ್ತಿಲ್ಲದೆ ಮನೆಯವರಿಗೆ ಕೊಡುವಂತೆಯೂ ಲೋಕದ ಸರ್ಕಾರಗಳೆಲ್ಲ ಸೇರಿ ಇರಾನ್ ಸರ್ಕಾರವನ್ನು ಕೇಳಬೇಕು, ಆದಕಾರಣ ತಾವು ದಯಮಾಡಿ ಸ್ವತಂತ್ರ ವಿಚಾರಣೆ ನಡೆಸಬೇಕು. ಮೃತಳಿಗೂ ಅರ್ಜಿದಾರರಿಗೂ ಇರುವ ಸಂಬಂಧ ಎಂಬಲ್ಲಿ ಅವರ ಪೆನ್ನು ಸ್ವಲ್ಪ ತಡೆಯಿತು. ಆಮೇಲೆ "ಮಗಳು" ಎಂದು ಬರೆದರು.

ಹಾಳೆಗಳನ್ನು ನಕಲು ಮಾಡಿಸಲು ಪೇಟೆಯ ವಿಘ್ನೇಶ್ವರ ಭಟ್ಟರ ಜೆರಾಕ್ಸ್ ಅಂಗಡಿಗೆ ಹೋದರು. ಭಟ್ಟರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ಎಂತ ಮಾರಾಯ್ರೆ, ನಮ್ಮ ರಸ್ತೆ ಹೊಂಡದ ಅರ್ಜಿಗೇ ಹನ್ನೊಂದು ವರ್ಷದಿಂದ ಉತ್ತರ ಇಲ್ಲೆ. ಜಿನೀವಾದವ್ರು ನಿಮಗೆ ಮಣೆ ಹಾಕ್ತ್ರಾ?"

"ಉತ್ತರ ಕೊಡೂದು ಅವರ ಕೆಲಸ. ಕೇಳೂದು ನಮ್ದು. ನೀವು ಸೈ ಹಾಕ್ತೀರೋ ಇಲ್ಲೋ?"

"ಹಾಕದೆ ಎಂತ ಮಾಡೂದು? ನಮ್ಮ ಆಯಿಗೆ ಸೊಂಟದ ವ್ಯಾಯಾಮ ಹೇಳಿಕೊಟ್ಟ ಕೂಸು ಅದು." ಭಟ್ಟರು ಮೊದಲನೆಯ ಸಹಿ ಹಾಕಿದರು.

ಹದಿನೆರಡು ದಿನದಲ್ಲಿ ಇನ್ನೂರ ಹದಿಮೂರು ಸಹಿಯಾದವು. ಪ್ರತಿಭಾ ಕೆಲಸ ಮಾಡುತ್ತಿದ್ದ ಶಿರಸಿಯ ಆಸ್ಪತ್ರೆಯಲ್ಲಿ, ಅವಳು ದಿನವೂ ಹೋಗಿಬರುವ ಬಸ್ಸಿನಲ್ಲಿ, ಕಾನಸೂರಿನ ಅಂಗಡಿಗಳಲ್ಲಿ ಜನ ಹಾಕಿದರು; ಒಂದು ಹಾಳೆ ಚಂದ್ರಶೇಖರಪ್ಪನವರ ಯಲ್ಲಾಪುರದ ತಂಗಿಯ ಮನೆಗೂ ಹೋಗಿ ತುಂಬಿ ಬಂತು. ನಾಳೆ ಅಂಚೆಗೆ ಹಾಕುವುದೆಂದು ಚಂದ್ರಶೇಖರಪ್ಪ ಹಾಳೆಗಳನ್ನು ದಾರ ಪೋಣಿಸಿ ಹೊಲಿದರು.

ಅಂದು ಸಂಜೆ ಜರ್ಮನಿಯ ಚಿಕ್ಕಪ್ಪ ಒಂದು ಧ್ವನಿ ಸಂದೇಶ ಕಳಿಸಿದ. ಶೀಲಾನಳ ತಾಯಿಯದು. ಮೂವರೂ ಫೋನಿನ ಸುತ್ತ ಕೂತರು. ಭಾಷೆ ತಿಳಿಯಲಿಲ್ಲ. ಹೆಂಗಸು ಅಳುತ್ತಿರಲಿಲ್ಲ, ಏದುಸಿರು ಬಿಡುತ್ತ ಬೇಗಬೇಗ ಹೇಳುತ್ತಿದ್ದಳು. ನಡುನಡುವೆ ಒಂದೇ ಮಾತು ಬರುತ್ತಿತ್ತು: ಆರಾಮ್, ಆರಾಮ್.

ಅನ್ನಪೂರ್ಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡ್ರಿ, ಇಷ್ಟಾದ್ರೂ ಆರಾಮ ಅದೀವಿ ಅಂತ ನಮಗ ಸಮಾಧಾನ ಹೇಳಾಕತ್ತಾಳ. ದೊಡ್ಡ ಮನಸಿನ ತಾಯಿ."

ಪ್ರತಿಭಾ ಕೆಳಗಿದ್ದ ಚಿಕ್ಕಪ್ಪನ ಬರಹ ಓದುತ್ತಿದ್ದಳು. "ಅಲ್ಲವ್ವಾ," ಎಂದಳು. "ಆರಾಮ್ ಅಂದ್ರ ಶೀಲಾನ್‌ನ ತಮ್ಮ. ಹತ್ತೊಂಬತ್ತು ವರ್ಷ. ಅವನ್ನ ಹಿಡಕೊಂಡು ಹೋಗ್ಯಾರ."

ಅವಳು ಉಳಿದದ್ದನ್ನು ಓದಿ ಹೇಳಿದಳು. ಮಗಳು ಮಾಳಿಗೆಯಿಂದ ಬಿದ್ದು ಸತ್ತಳೆಂದು ಬರೆದುಕೊಟ್ಟ ಮೇಲೆಯೇ ಹೆಣ ಸಿಕ್ಕಿತಂತೆ. ಮಣ್ಣಿಗೆ ಐದು ಜನರ ಮೇಲೆ ಬರಗೊಡಲಿಲ್ಲವಂತೆ. ಹೊರದೇಶದಲ್ಲಿ ಅವಳ ಹೆಸರು ಎದ್ದರೆ ಮಗನೂ ಬರುವುದಿಲ್ಲ ಎಂದು ಪೊಲೀಸರು ಹೇಳಿಹೋಗಿದ್ದಾರಂತೆ. ಅರ್ಜಿಯ ವಿಷಯ ಚಿಕ್ಕಪ್ಪನಿಂದ ತಾಯಿಗೆ ತಿಳಿದಿದೆ. ಜನರಿಗಾಗಿ ಕೇಳಿರಿ, ನನ್ನ ಮಗಳ ಹೆಸರು ಮಾತ್ರ ಎಲ್ಲೂ ಹೇಳಬೇಡಿರಿ, ನಿಮ್ಮ ಊರಲ್ಲೂ ಇನ್ನು ಹೇಳಬೇಡಿರಿ ಎನ್ನುತ್ತಾಳೆ.

ಚಂದ್ರಶೇಖರಪ್ಪ ಹೊಲಿದ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ಪ್ರತಿ ಹಾಳೆಯ ತಲೆಯಲ್ಲೂ ಅವರದೇ ದುಂಡು ಅಕ್ಷರದಲ್ಲಿ ಅವಳ ಹೆಸರು, ತಂದೆಯ ಹೆಸರು, ಪಟ್ಟಣ.

"ಹೆಸರು ತಗದ್ರ ಇದು ಮೂಗರ್ಜಿ," ಎಂದರು. "ಯಾರು ಸತ್ರು ಅಂತ ಇಲ್ಲದ ಅರ್ಜಿ ಯಾವ ಕಚೇರ್ಯಾಗ ನಿಲ್ತದ?"

"ತಗೀಬಾರದಪ್ಪಾ," ಪ್ರತಿಭಾ ಸಿಡಿದಳು. "ಅವರು ಮಾಳಿಗೆಯಿಂದ ಬಿದ್ಲು ಅಂತ ಬರಿಸಿಕೊಂಡಾರ. ನಾವು ಸುಮ್ಮನಾದ್ರ ಆ ಸುಳ್ಳಿಗೆ ನಾವೂ ಸೈ ಹಾಕಿದಂಗ."

"ನೀ ಬಾಯಿ ಮುಚ್ಚು," ಎಂದರು ಅನ್ನಪೂರ್ಣವ್ವ. ಗಂಡನ ಕಡೆ ತಿರುಗಿದರು. ಅವರ ದನಿ ಏರಲಿಲ್ಲ. "ನೀವು ಅರ್ಜಿ ಬರದೋರು. ಹಡದಾಕಿ ಅಲ್ಲೆ ಕುಂತಾಳ. ಒಂದನ್ನ ಮಣ್ಣಿಗಿಟ್ಟು ಇನ್ನೊಂದನ್ನ ಬೇಡಾಕತ್ತಾಳ. ಆಕಿ ಹೇಳಿದಂಗ ಆಗಬೇಕು."

ಬೆಳಿಗ್ಗೆ ಚಂದ್ರಶೇಖರಪ್ಪ ಬಚ್ಚಲ ಒಲೆಯ ಮುಂದೆ ಕೂತು ದಾರ ಬಿಚ್ಚಿದರು. ತಲೆಯ ಭಾಗವನ್ನಷ್ಟೇ ಕತ್ತರಿಸಿಬಿಡೋಣ ಎಂದಳು ಮಗಳು. ಕತ್ತರಿಸಿದರೆ ಜನ ಸಹಿ ಹಾಕಿದ ಕಾಗದ ಬೇರೆ, ಕಳಿಸುವ ಕಾಗದ ಬೇರೆ ಆಗುತ್ತದೆ, ಅದು ಆಗದು ಎಂದರು. ಇನ್ನೂರ ಹದಿಮೂರು ಹೆಸರುಗಳು ಒಂದೊಂದು ಹಾಳೆಯಾಗಿ ಉರಿದವು. ಅಂದು ನೀರು ಬೇಗ ಕಾಯಿತು.

ಹೊಸ ಅರ್ಜಿಯಲ್ಲಿ "ಅಲ್ಲಿಯ ಕುರ್ದ್ ಪ್ರಜೆಗಳು" ಎಂದಷ್ಟೇ ಇತ್ತು. ಅದನ್ನು ಹಿಡಿದು ಅವರು ಮತ್ತೆ ಅದೇ ಬಾಗಿಲುಗಳಿಗೆ ಹೋದರು.

"ಮೊದಲಿಂದು ಎಂತ ಆಯ್ತು?" ಭಟ್ಟರು ಹಾಳೆ ತಿರುಗಿಸಿ ನೋಡಿದರು. "ಕೂಸಿನ ಹೆಸರೇ ಇಲ್ಲೆ ಇದರಲ್ಲಿ."

"ಇಲ್ಲ."

"ಯಾರಾದ್ರೂ ಹೆದರಿಸಿದ್ರಾ?"

ಚಂದ್ರಶೇಖರಪ್ಪ ಪೆನ್ನನ್ನು ಭಟ್ಟರ ಮುಂದೆ ಸರಿಸಿದರು. ಹೇಳಿದರೆ ಸಂಜೆಯೊಳಗೆ ಪೇಟೆಗೆಲ್ಲ ತಿಳಿಯುತ್ತದೆ. ಪೇಟೆಯ ಯಾವನಾದರೂ ಅದನ್ನು ಫೋನಿನಲ್ಲಿ ಹಾಕುತ್ತಾನೆ.

"ಮೂಗರ್ಜಿ ಬರೆಯದ ಮನುಷ್ಯ ಅಂತ ನಿಮ್ಮ ಹೆಸರು," ಎಂದರು ಭಟ್ಟರು, ಹಾಳೆಯನ್ನು ಮೆಲ್ಲನೆ ಹಿಂದಕ್ಕೆ ದೂಡುತ್ತ. "ಬ್ಯಾಡ ಮಾರಾಯ್ರೆ. ಎಂತದಕ್ಕೆ ಹಾಕ್ತಾ ಇದ್ದೆ ಹೇಳಿ ಗೊತ್ತಿಲ್ಲದೆ ಹಾಕೂದಿಲ್ಲೆ ನಾನು. ನೀವೇ ಕಲಿಸಿದ್ದು."

ಅಂದಿನಿಂದ ಪೇಟೆಯಲ್ಲಿ ಒಂದು ಮಾತು ಹಬ್ಬಿತು, ಅರ್ಜಿ ಚಂದ್ರಶೇಖರಪ್ಪ ಹೆದರಿಕೊಂಡರು ಎಂದು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಅದನ್ನು ಅವರಿಗೆ ಕೇಳುವಂತೆಯೇ ಆಡಿಕೊಂಡರು. ಅವರು ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಹದಿನಾಲ್ಕು ಜನ ಹಾಕಿದರು, ಯಲ್ಲಾಪುರದಿಂದ ಹಾಳೆ ಖಾಲಿ ಬಂತು.

ಕೊನೆಗೆ ಕೋಲಸಿರ್ಸಿಗೆ ಹೋದಾಗ ಬೀರ ಕೊಟ್ಟಿಗೆಯ ಮಾಡಿಗೆ ಸೋಗೆ ಹೊದೆಸುತ್ತಿದ್ದ. ಕೆಳಗಿಳಿದು ಕೈ ಒರೆಸಿಕೊಂಡ. ಅವನಿಗೆ ಓದಲು ಬರುವುದಿಲ್ಲ. ಚಂದ್ರಶೇಖರಪ್ಪ ಓದಿ ಹೇಳಿದರು.

"ಮತ್ತೆ ಬಂದ್ರಲ್ರಾ. ಹ್ವಾದ ಸಲ ಆ ಅಮ್ಮನ ಹೆಸ್ರು ಇತ್ತಲ್ದಾ?"

"ಈ ಸಲ ಇಲ್ಲೋ ಬೀರಾ."

"ಇದು ಅವ್ರದ್ದೇ ಅಲ್ದನ್ರಾ?"

ಚಂದ್ರಶೇಖರಪ್ಪ ಹಾಳೆಯನ್ನು ಮಡಚತೊಡಗಿದರು. ಬೀರ ಅವರ ಮುಖವನ್ನೇ ನೋಡಿದ.

"ಹೇಳ್ಬ್ಯಾಡ್ರಿ, ಬಿಡ್ರಿ," ಎಂದ. "ಆ ಮಸಿ ಡಬ್ಬಿ ಕೊಡ್ರಿ ಇಲ್ಲಿ." ಬಲಗೈ ಹೆಬ್ಬೆರಳನ್ನು ಒತ್ತಿ, ಗುರುತು ಸರಿಯಾಗಿ ಮೂಡಿತೋ ಎಂದು ಬಗ್ಗಿ ನೋಡಿದ.

ಮೂವತ್ತೊಂದು ಸಹಿ, ಒಂದು ಹೆಬ್ಬೆಟ್ಟು. ಅಂಚೆ ಕಚೇರಿಯ ಹೆಣ್ಣುಮಗಳು ಲಕೋಟೆಯ ಮೇಲಿನ ವಿಳಾಸವನ್ನು ಎರಡು ಸಲ ಓದಿ, ರಿಜಿಸ್ಟರ್ ಮಾಡಿ, ರಸೀದಿ ಕೊಟ್ಟಳು.

ನಲವತ್ತನೆಯ ದಿನ ಹತ್ತಿರವಾಯಿತು. ಅವರ ಕಡೆ ಅಂದು ಬಂಧುಬಳಗ ಗೋರಿಯ ಹತ್ತಿರ ಸೇರುವುದು ವಾಡಿಕೆಯಂತೆ. ಸೇರಬಾರದೆಂದು ಅಪ್ಪಣೆಯಾಗಿದೆ, ತಡೆಯುವವರಿಲ್ಲದ ಕಡೆ ಯಾರಾದರೂ ಒಂದು ಮಾತು ಬೇಡಿಕೊಂಡರೆ ಸಾಕು ಎಂದು ತಾಯಿ ಹೇಳಿಕಳಿಸಿದ್ದಳು. ಆರಾಮನ ಸುದ್ದಿ ಬಂದಿರಲಿಲ್ಲ.

ನಲವತ್ತನೆಯ ದಿನದ ಬೆಳಿಗ್ಗೆ ಅನ್ನಪೂರ್ಣವ್ವ ಪಡಸಾಲೆ ಸಾರಿಸಿ ಕಂಬಳಿ ಹಾಸಿದರು. ಜಂಗಮರನ್ನು ಕರೆಯಲಿಲ್ಲ. ಕರೆದರೆ ಯಾರ ಸಲುವಾಗಿ ಎಂದು ಕೇಳುತ್ತಾರೆ. ಚಂದ್ರಶೇಖರಪ್ಪ ವಿಭೂತಿ ಧರಿಸಿ, ಕೊರಳ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಇಬ್ಬರು ಹೆಂಗಸರು ಪಕ್ಕದಲ್ಲಿ ಕೂತರು. ತೆರೆದ ಕಿಟಕಿಯಾಚೆ ಓಣಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

"ಒಂದ್ಸಲ ಹೆಸರು ಹೇಳಬಹುದೇನಪ್ಪಾ?" ಪ್ರತಿಭಾ ಪಿಸುಗುಟ್ಟಿದಳು.

ಅವರು ಬೇಡವೆಂದು ತಲೆಯಾಡಿಸಿದರು. ಬಹಳ ಹೊತ್ತು ಅಂಗೈಯನ್ನೇ ನೋಡುತ್ತಿದ್ದರು. ಆಮೇಲೆ, ಮಗ್ಗುಲಲ್ಲಿದ್ದವರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದರು:

"ಶಿವನೇ, ಯಾರೆಂದು ನಿನಗೆ ಗೊತ್ತು. ಬಿದ್ದವರನ್ನು ಎತ್ತಲು ಹೋದ ಕೂಸು. ಅವಸರದಲ್ಲಿ ಮಣ್ಣು ಮಾಡಿದ್ದಾರೆ, ನೆಲ ತಣ್ಣಗಿದೆ. ಹತ್ತಿರ ಕರೆದುಕೋ, ಶಾಂತಿಯಿಂದ ಮಲಗಿಸು."